ಬಸುರಿ, ಬಾಣಂತಿ ಮತ್ತು ಮಿಶ್ರಿ ಡಬ್ಬಿ

ಸಂಘದ ಅಕ್ಕತಂಗಿಯರೇ,

ಚಿಂತಾಕಿಯಂಥ ಗಡಿ ಹಳ್ಳಿಗಳಲ್ಲಿ ‘ಮಿಶ್ರಿ ಚಟ ಅಲ್ಲರಿ, ಹಲ್ಲು ತಿಕ್ಕೋದು’ ಅನ್ನುವವರಿದ್ದಾರೆ. ಅದು ಹುರಿದು ಪುಡಿ ಮಾಡಿದ ತಂಬಾಕೇ. ಬಸುರಿಯ ರಕ್ತದಿಂದ ಅದರ ನಿಕೋಟಿನ್ ಕೂಸಿಗೂ ಮುಟ್ಟುತ್ತದೆ, ಕೂಸು 2.5 ಕಿಲೋಗಿಂತ ಕಡಿಮೆ ತೂಗಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು.

ಬೈದರೆ ಆಕೆ ಬಿಡುವುದಿಲ್ಲ, ಮುಚ್ಚಿಡುತ್ತಾಳೆ, ತಪಾಸಣೆಗೂ ಬರುವುದಿಲ್ಲ. ನಮಗೆ ಇದರದೇ ಹೆಚ್ಚು ಭಯ. ಮಿಶ್ರಿ ಕಲಿಸಿದವರು ಮನೆಯ ಹಿರಿಯರೇ ಅಲ್ಲವೇ? ಅತ್ತೆಯೂ ತನ್ನ ಡಬ್ಬಿ ಎತ್ತಿಡಲಿ. ಬಿಟ್ಟ ಮೊದಲ ವಾರ ಸಿಟ್ಟು, ತಲೆನೋವು ಇರ್ತಾವ. ಆಗ ಸಂಘದ ಒಬ್ಬರು ದಿನಾ ಹೋಗಿ ಕೂಡ್ರಿ, ಬಾಯಿಗೆ ಬಡೇಸೋಪು ಕೊಡ್ರಿ. 1800-11-2356ಕ್ಕೆ ಫೋನ್ ಮಾಡಿದರೆ ಬಿಡುವ ದಾರಿ ಉಚಿತವಾಗಿ ಹೇಳುತ್ತಾರೆ.

ಬಾಣಂತಿ ಇನ್ನೂ ತಂಬಾಕು ಬಿಡದಿದ್ದರೂ ಎದೆಹಾಲು ನಿಲ್ಲಿಸಬೇಡಿರಿ. ದಿನಾ ದಾರು ಕುಡಿಯುವಾಕೆ ಮಾತ್ರ ಮನೆಯಲ್ಲೇ ಒಮ್ಮೆಲೇ ಬಿಡಬಾರದು, ನಡುಕ, ಫಿಟ್ಸ್ ಬರಬಹುದು. ಆಕೆಯನ್ನು ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬಳನ್ನೇ ಕಳಿಸಬೇಡಿರಿ.