ಹುಳಿಯಾದ ಹುಲ್ಲುಗಾವಲಿಗೆ ಸುಣ್ಣ

ಗೋಡೆಗೆ ಬಳಿಯುವದಕ್ಕೂ ಎಲೆಅಡಿಕೆಗೂ ಸುಣ್ಣ ಬೇಕೆಂಬದು ನಮಗೆಲ್ಲರಿಗೂ ಗೊತ್ತು. ಆದರೆ ಹುಲ್ಲು ಬೆಳೆಯುವ ನೆಲಕ್ಕೆ ಅದು ಯಾಕೆಂದು ಕೇಳುವವರು ಬಹಳ ಮಂದಿ. ಇದರ ಉತ್ತರವನ್ನು ಇಂಗ್ಲೆಂಡ್ ದೇಶದ ಒಂದು ಹುಲ್ಲುಗಾವಲಿನಿಂದ ಕಲಿಯೋಣ.

ಲಂಡನ್ ಪಟ್ಟಣದ ಉತ್ತರಕ್ಕಿರುವ ರಾಥಮ್‌ಸ್ಟೆಡ್ ಎಂಬ ಸ್ಥಳದಲ್ಲಿ ಜಾನ್ ಲಾಸ್, ಹೆನ್ರಿ ಗಿಲ್ಬರ್ಟ್ ಎಂಬವರು 1856ರಲ್ಲಿ ಒಂದು ಹಳೆಯ ಹುಲ್ಲುಗಾವಲನ್ನು ತುಂಡುಗಳಾಗಿ ವಿಭಾಗಿಸಿ, ಒಂದೊಂದಕ್ಕೆ ಒಂದೊಂದು ಗೊಬ್ಬರವನ್ನು ಹಾಕಿ, ವರುಷ ವರುಷವೂ ಹುಲ್ಲನ್ನು ಕೊಯ್ದು ತೂಗಿ ನೋಡತೊಡಗಿದರು. ಆ ಪರೀಕ್ಷೆಯು ಇಂದಿಗೂ ನಡೆಯುತ್ತಲಿದೆ. ಅಲ್ಲಿ ಕೆಲವು ತುಂಡುಗಳಿಗೆ ಅಮೋನಿಯಂ ಸಲ್ಫೇಟ್ ಎಂಬ ಗೊಬ್ಬರವನ್ನು ಹಾಕುತ್ತಾ ಬಂದರು. ವರುಷಗಳು ಕಳೆದ ಹಾಗೆ ಆ ನೆಲವು ಹುಳಿಯಾಯಿತು. ಹುಳಿಯನ್ನು ಅಳೆಯುವ ಪಿಎಚ್ ಎಂಬ ಅಳತೆಯಲ್ಲಿ 7 ಎಂಬದು ಸಮಸ್ಥಿತಿ; ಅದರಿಂದ ಒಂದು ಅಂಕೆ ಇಳಿದರೆ ಹುಳಿಯು ಹತ್ತು ಪಾಲು ಹೆಚ್ಚುವದು. ಈ ಗೊಬ್ಬರವನ್ನು ಅತಿ ಹೆಚ್ಚಾಗಿ ಉಂಡ ತುಂಡುಗಳಲ್ಲಿ ಅಂಕೆಯು 4ಕ್ಕಿಂತಲೂ ಕೆಳಗಿಳಿಯಿತು! ಎರೆಹುಳುಗಳು ಇಲ್ಲವಾದವು. ಸತ್ತ ಹುಲ್ಲು ಕೊಳೆಯದೆ ನೆಲದ ಮೇಲೆ ಕಂಬಳಿಯಂತೆ ಕೂತುಕೊಂಡಿತು. ಹಲವು ಜಾತಿಯ ಹುಲ್ಲುಗಳಿದ್ದಲ್ಲಿ ಎರಡು ಮೂರು ಜಾತಿಗಳು ಮಾತ್ರ ಉಳಿದವು.

ಅದೇ ಹುಲ್ಲುಗಾವಲಿನಲ್ಲಿ ಸೋಡಿಯಂ ನೈಟ್ರೇಟ್ ಹಾಕಿದ ತುಂಡುಗಳು ಹೀಗೆ ಕೆಡಲಿಲ್ಲ. ಯಾಕಂದರೆ ಅಮೋನಿಯವು ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟಾಗಿ ಮಾರ್ಪಡುವಾಗ ಆಮ್ಲವು ಹುಟ್ಟುತ್ತದೆ. ಆ ಆಮ್ಲವು ಮಣ್ಣಿನ ಸುಣ್ಣದ ಅಂಶವನ್ನು ಬಿಡಿಸುತ್ತದೆ. ಮಳೆಯು ಅದನ್ನು ತೊಳೆದು ಒಯ್ಯುತ್ತದೆ. ಕೊಯ್ದು ಸಾಗಿಸಿದ ಹುಲ್ಲಿನ ಸಂಗಡವೂ ಸ್ವಲ್ಪ ಹೋಗುತ್ತದೆ. ಕಡೆಗೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರುಗಳನ್ನು ಕುಗ್ಗಿಸುತ್ತದೆ, ರಂಜಕವು ಬೇರಿಗೆ ದೊರೆಯದಂತೆ ಕಟ್ಟಿಬೀಳುತ್ತದೆ. ನೂರು ಕಿಲೋ ಅಮೋನಿಯಂ ಸಲ್ಫೇಟಿನ ಹುಳಿಯನ್ನು ಮುರಿಯಲು ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಈ ಲೆಕ್ಕವನ್ನು ಗೊಬ್ಬರದ ಚೀಲ ಕೊಳ್ಳುವ ದಿನ ಯಾರು ಮಾಡುತ್ತಾರೆ?

1903ರಿಂದ ಅಲ್ಲಿ ಹೆಚ್ಚಿನ ತುಂಡುಗಳ ಅರ್ಧಕ್ಕೆ ಮಾತ್ರ ನಾಲ್ಕು ವರುಷಕ್ಕೊಮ್ಮೆ, ಎಕರೆಗೆ ಸುಮಾರು 1.6 ಟನ್ನಿನಂತೆ ಸುಣ್ಣವನ್ನು ಹಾಕಿಸಿದರು. ಗೊಬ್ಬರ ಒಂದೇ, ಮಳೆ ಒಂದೇ. ಆದರೂ ಸುಣ್ಣ ಕಂಡ ಪಕ್ಕದಲ್ಲಿ ಕೊಳೆಯದ ಕಂಬಳಿಯಿಲ್ಲ, ಹುಲ್ಲಿನ ಜಾತಿಗಳೂ ಹೆಚ್ಚು.

ಇನ್ನು ನಮ್ಮ ಸೀಮೆಯ ಮಾತು. ಕರಾವಳಿ ಮಲೆನಾಡುಗಳ ಮುರಕಲ್ಲು ಮಣ್ಣು ಗೊಬ್ಬರವಿಲ್ಲದೆಯೇ, ಬರೀ ಮಳೆಯ ತೊಳೆತದಿಂದಲೇ ಹುಳಿಯಾಗಿರುತ್ತದೆ. ಬಯಲುಸೀಮೆಯ ಕರಿನೆಲದಲ್ಲಾದರೋ ಅನೇಕ ಕಡೆ ಸುಣ್ಣದ ಹರಳುಗಳು ಮೊದಲೇ ಉಂಟು; ಅಂಥಲ್ಲಿಗೆ ಸುಣ್ಣ ಹೊರುವದು ವ್ಯರ್ಥ ದುಡಿಮೆ. ಆದಕಾರಣ ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಿ, ಎಷ್ಟು ಬೇಕೆಂದು ತಿಳಿದುಕೊಳ್ಳತಕ್ಕದ್ದು. ಒಂದೇ ಅಂಕೆಯ ಹುಳಿಗೆ ಮರಳು ನೆಲಕ್ಕೆ ಸ್ವಲ್ಪ ಸಾಕು, ಜೇಡಿ ನೆಲಕ್ಕೆ ಹೆಚ್ಚು ಬೇಕು. ನೆರೆಯವನು ಹಾಕಿದಷ್ಟನ್ನೇ ನಾವೂ ಹಾಕುವದು ಸರಿಯಲ್ಲ.

ಹುಲ್ಲಿನ ಬೇಣವನ್ನು ಉಳುವ ಹಾಗಿಲ್ಲವಷ್ಟೆ. ಮೇಲೆ ಚೆಲ್ಲಿದ ಸುಣ್ಣವು ಬಹಳ ನಿಧಾನವಾಗಿ ಇಳಿಯುತ್ತದೆ. ಬೆರಳುದ್ದ ಇಳಿಯಲು ವರುಷಗಳೇ ಬೇಕು. ಹೀಗಿರಲಾಗಿ ಸುಣ್ಣಕಲ್ಲನ್ನು ಹಿಟ್ಟಿನಂತೆ ನುಣ್ಣಗೆ ಪುಡಿಮಾಡಿದ್ದೇ ಉತ್ತಮ. ಹೆಚ್ಚು ಬೇಕಾದಲ್ಲಿ ಒಮ್ಮೆಗೇ ಸುರಿಯದೆ ಎರಡು ಮೂರು ವರುಷಗಳಲ್ಲಿ ಹಂಚಿ, ಮುಂಗಾರಿಗೆ ಮೊದಲಿನ ಹದಮಳೆ ಬಿದ್ದಾಗ, ಗಾಳಿಯಿಲ್ಲದ ಹೊತ್ತಿನಲ್ಲಿ ಸಮವಾಗಿ ಎರಚಬೇಕು. ಸುಟ್ಟ ಹಸಿಸುಣ್ಣವು ಹುಲ್ಲನ್ನೂ ಕಣ್ಣನ್ನೂ ಸುಡುವದು. ಚಿಪ್ಪು ಸುಟ್ಟ ಸುಣ್ಣವಾದರೆ ಅದನ್ನು ಪೂರಾ ಅರಳಿಸಿಯೇ ಬಳಸಬೇಕು. ಅರಳಿದ್ದು ಸುಣ್ಣಕಲ್ಲಿಗಿಂತ ಬಲವಾದದ್ದು: 74 ಕಿಲೋ ಅರಳಿದ ಸುಣ್ಣವು ನೂರು ಕಿಲೋ ಕಲ್ಲಿನ ಪುಡಿಗೆ ಸಮ.

ಸುಣ್ಣ ಹಾಕಿದ ಮಾತ್ರಕ್ಕೆ ಗೊಬ್ಬರವನ್ನು ನಿಲ್ಲಿಸಬಾರದು, ಯಾಕಂದರೆ ಕೊಯ್ದ ಹುಲ್ಲಿನೊಂದಿಗೆ ಹೋದ ಸಾರವನ್ನು ಸುಣ್ಣವು ತುಂಬಿಕೊಡಲಾರದು. ಆದರೆ ಹಸಿ ಸಗಣಿಯನ್ನಾಗಲಿ ಅಮೋನಿಯದ ಗೊಬ್ಬರವನ್ನಾಗಲಿ ಅದರೊಂದಿಗೆ ಬೆರಸಿದರೆ ಮೂಗಿಗೆ ಘಾಟು ಹೊಡೆಯುವದು. ಆ ಘಾಟೇ ಗಾಳಿಗೆ ಹೋಗುವ ನಮ್ಮ ಗೊಬ್ಬರವು. ಎರಡಕ್ಕೂ ನಡುವೆ ಕೆಲವು ವಾರಗಳನ್ನು ಬಿಡಿರಿ.