ಹೆಸರಿಗೊಂದು ಕಟ್ಟಳೆ

ಮನುಷ್ಯನು ಗುಂಪುಗೂಡಿ ಬಾಳತೊಡಗಿದಂದಿನಿಂದ ಹೆಸರಿನ ಅಗತ್ಯವು ಅವನ ಬೆನ್ನ ಹಿಂದೆಯೇ ಬಂದಿದೆ. ಹೆಸರು ಕರೆಯುವುದಕ್ಕೆ ಮಾತ್ರವಲ್ಲ, ಗುರುತಿಸುವುದಕ್ಕೂ ಬೇಕು. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಪಡುಗಡಲ ಅಂಚಿಗಿರುವ ಉಪ್ಪುಂದ ಗ್ರಾಮವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ಒಂದೇ ಹೆಸರಿನ ಹಲವರಿರಬಹುದು. ಆದುದರಿಂದ ಅಂಚೆಯ ಕಾಗದದ ಮೇಲೆ ವ್ಯಕ್ತಿಯ ಹೆಸರು, ಮನೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಎಂದು ಕ್ರಮವಾಗಿ ಬರೆಯುತ್ತಾರೆ. ಕಡಲಿಗಿಳಿಯುವ ದೋಣಿಗಳ ರೀತಿಯೂ ಹೀಗೆಯೇ. ದುರ್ಗಾಪರಮೇಶ್ವರಿಯ ಹೆಸರು ಹೊತ್ತ ದೋಣಿಗಳು ಎಷ್ಟೇ ಇರಲಿ, ಒಂದೊಂದರ ಮೈಮೇಲಿನ ನೋಂದಣಿ ಸಂಖ್ಯೆ ಮಾತ್ರ ಬೇರೆ ಬೇರೆ.

ಅಂತರಜಾಲದಲ್ಲಿಯೂ ಪ್ರತಿಯೊಂದು ಗಣಕಕ್ಕೆ ಸಂಖ್ಯೆಯ ವಿಳಾಸವಿದೆ. ಉದ್ದುದ್ದದ ಸಂಖ್ಯೆಗಳನ್ನು ನೆನಪಿಡುವುದು ಮನುಷ್ಯನಿಗೆ ಕಷ್ಟ. ಅದಕ್ಕಾಗಿ ಸಂಖ್ಯೆಗೆ ಬದಲಾಗಿ ಹೆಸರನ್ನು ಬಳಸುವ ಏರ್ಪಾಡಾಯಿತು. ಇದೇ ಡೊಮೇನ್ ಹೆಸರು. ದೋಣಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ದೋಣಿಗಳ ಹೆಸರು ಒಂದೇ ಆದರೂ ಸಂಖ್ಯೆಯಿಂದ ಗುರುತು ಹತ್ತುತ್ತದೆ. ಅಂತರಜಾಲದಲ್ಲಿ ಹೆಸರೇ ಗುರುತು. ಒಂದು ಹೆಸರು ಇಬ್ಬರಿಗೆ ಸಲ್ಲುವಂತಿಲ್ಲ. ಈ ನಿಯಮವನ್ನು ಜಗತ್ತಿನ ಎಲ್ಲ ಗಣಕಗಳೂ ಒಂದೇ ಬಗೆಯಲ್ಲಿ ಪಾಲಿಸಬೇಕಾದರೆ ಎಲ್ಲರೂ ಒಪ್ಪಿದ ಕಟ್ಟಳೆಯೊಂದು ಬೇಕು. ಅಂತಹ ಕಟ್ಟಳೆಗೆ ಮಾನಕವೆಂದು ಹೆಸರು.

ಮಾನಕವೆಂಬುದು ಹೊಸ ಸಂಗತಿಯೇನೂ ಅಲ್ಲ. ಹಿಂದೆ ಕರಾವಳಿಯಲ್ಲಿ ಅಕ್ಕಿಯನ್ನು ಸೇರು, ಕಳಸಿಗೆ, ಮುಡಿಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಸೇರಿನ ಗಾತ್ರ ಎಲ್ಲ ಕಡೆ ಒಂದೇ ಆಗಿರಲಿಲ್ಲ. 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂದು, ಕ್ರಮೇಣ ದೇಶಕ್ಕೆಲ್ಲ ಒಂದೇ ಕಿಲೋಗ್ರಾಂ, ಒಂದೇ ಲೀಟರು, ಒಂದೇ ಮೀಟರು ಆಯಿತು. ಅಳತೆಗೆ ಒಪ್ಪಂದವಿಲ್ಲದಿದ್ದರೆ ಸಂತೆಯಲ್ಲಿ ಮೋಸವಾಗುವಂತೆ, ಹೆಸರಿಗೆ ಒಪ್ಪಂದವಿಲ್ಲದಿದ್ದರೆ ಅಂತರಜಾಲದಲ್ಲಿ ಮೋಸವಾಗುತ್ತದೆ.

ಆರಂಭದ ದಿನಗಳಲ್ಲಿ ಜಾಲಕ್ಕೆ ಸೇರಿದ ಗಣಕಗಳು ಕೆಲವೇ ಇದ್ದವು. ಅವುಗಳ ಹೆಸರಿನ ಒಂದೇ ಒಂದು ಪಟ್ಟಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯು ಇಟ್ಟುಕೊಂಡು ಎಲ್ಲರಿಗೂ ಹಂಚುತ್ತಿತ್ತು. ಗಣಕಗಳು ಹೆಚ್ಚಿದಂತೆ ಆ ಪಟ್ಟಿಯನ್ನು ತಿದ್ದುವುದೂ ಹಂಚುವುದೂ ಕಠಿಣವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬುವರು ಹೊಸ ವ್ಯವಸ್ಥೆಯೊಂದನ್ನು ರೂಪಿಸಿದರು. ಅದು ಅಂಚೆಯ ವಿಳಾಸವನ್ನು ಹೋಲುತ್ತದೆ. ಹೆಸರಿನ ಭಾಗಗಳನ್ನು ಚುಕ್ಕೆಗಳಿಂದ ಬೇರ್ಪಡಿಸಲಾಗಿದ್ದು, ಕೊನೆಯ ಭಾಗವು ಎಲ್ಲಕ್ಕಿಂತ ವಿಶಾಲವಾದದ್ದು. ಒಂದೊಂದು ಕೊನೆಯ ಭಾಗಕ್ಕೂ ಒಂದೊಂದು ನೋಂದಣಿ ಸಂಸ್ಥೆಯಿದೆ. ಭಾರತಕ್ಕೆ ಮೀಸಲಾದ ‘ಡಾಟ್ ಇನ್’ ಹೆಸರುಗಳ ನೋಂದಣಿಯನ್ನು 2005ರಿಂದ ನಿಕ್ಸಿ ಎಂಬ ರಾಷ್ಟ್ರೀಯ ಸಂಸ್ಥೆಯು ನೋಡಿಕೊಳ್ಳುತ್ತಿದೆ.

ಹೆಸರು ಬೇಕಾದವರು ನೇರವಾಗಿ ನೋಂದಣಿ ಸಂಸ್ಥೆಗೆ ಹೋಗುವುದಿಲ್ಲ. ನಡುವೆ ಮಾರಾಟಗಾರ ಸಂಸ್ಥೆಗಳು ಹಲವಿವೆ. ಹೆಸರು ಬಿಡುವಾಗಿದೆಯೇ ಎಂದು ಕೇಳುವುದು, ಪಡೆಯುವುದು, ನವೀಕರಿಸುವುದು, ಬೇರೊಂದು ಮಾರಾಟಗಾರ ಸಂಸ್ಥೆಗೆ ವರ್ಗಾಯಿಸುವುದು, ರದ್ದುಪಡಿಸುವುದು, ಇಂತಹ ಪ್ರತಿಯೊಂದು ಕೋರಿಕೆಗೂ ಗೊತ್ತಾದ ನುಡಿಗಟ್ಟು ಬೇಕು. ಅದನ್ನು ವಿಧಿಸುವ ಮಾನಕವು 2004ರಲ್ಲಿ ಪ್ರಕಟವಾಗಿ, ಪರಿಷ್ಕಾರ ಹೊಂದಿ, 2009ರಲ್ಲಿ ಪೂರ್ಣ ಮಾನಕದ ಸ್ಥಾನ ಪಡೆಯಿತು.

ಈ ಮಾನಕಗಳನ್ನು ರಚಿಸುವವರು ಯಾರು? ಯಾವ ರಾಜನೂ ಅಲ್ಲ, ಯಾವ ಒಂದು ಸರಕಾರವೂ ಅಲ್ಲ. 1969ರ ಏಪ್ರಿಲ್ ತಿಂಗಳಲ್ಲಿ ಸ್ಟೀವ್ ಕ್ರಾಕರ್ ಎಂಬ ತರುಣ ವಿದ್ಯಾರ್ಥಿಯು ಜಾಲದ ಬಗ್ಗೆ ಬರೆದ ಟಿಪ್ಪಣಿಯೊಂದನ್ನು ‘ಅಭಿಪ್ರಾಯಕ್ಕಾಗಿ ಕೋರಿಕೆ’ ಎಂಬ ವಿನಯದ ಶಿರೋನಾಮೆಯಡಿ ಗೆಳೆಯರಿಗೆ ಕಳುಹಿಸಿದನು. ಅದಕ್ಕೆ ಒಂದು ಎಂಬ ಸಂಖ್ಯೆ ಬಿತ್ತು. ಆ ಮಾಲಿಕೆ ಇಂದಿಗೂ ಮುಂದುವರಿದಿದೆ. ಜಾನ್ ಪೋಸ್ಟೆಲ್ ಎಂಬ ವಿದ್ವಾಂಸರು 1998ರಲ್ಲಿ ತೀರಿಕೊಳ್ಳುವವರೆಗೆ ಅದರ ಸಂಪಾದಕರಾಗಿ ದುಡಿದರು. ಈಗ ಮಾನಕಗಳನ್ನು ಸಿದ್ಧಪಡಿಸುವ ತಂತ್ರಜ್ಞರ ಕೂಟವು 1986ರಲ್ಲಿ ಆರಂಭವಾದದ್ದು. ಅದರ ಚರ್ಚೆಯಲ್ಲಿ ಯಾರು ಬೇಕಾದರೂ ಭಾಗವಹಿಸಬಹುದು. ಅಲ್ಲಿ ಮತಗಳ ಎಣಿಕೆಯಿಲ್ಲ. ಆಕ್ಷೇಪವು ಒಬ್ಬನದೇ ಆದರೂ ಅದಕ್ಕೆ ತಕ್ಕ ಉತ್ತರ ದೊರೆಯಬೇಕು. ಬರಹದಲ್ಲಿ ಚೆನ್ನಾಗಿ ಕಂಡರೆ ಸಾಲದು. ಪೂರ್ಣ ಮಾನಕವೆನಿಸಬೇಕಾದರೆ ಬೇರೆ ಬೇರೆಯವರು ಸ್ವತಂತ್ರವಾಗಿ ರಚಿಸಿದ ಎರಡು ಏರ್ಪಾಡುಗಳಾದರೂ ಅದರಂತೆ ಒಂದರೊಡನೊಂದು ಹೊಂದಿ ನಡೆಯಬೇಕು.

ಪ್ರಕಟಣೆಯ ರೀತಿಯೂ ಗಮನಿಸತಕ್ಕದ್ದು. ಒಮ್ಮೆ ಸಂಖ್ಯೆ ಪಡೆದು ಪ್ರಕಟವಾದ ಬರಹವನ್ನು ಮತ್ತೆ ತಿದ್ದುವುದಿಲ್ಲ. ಬದಲಾವಣೆ ಬೇಕೆನಿಸಿದರೆ ಹೊಸ ಸಂಖ್ಯೆಯ ಹೊಸ ಬರಹ ಹೊರಬರುತ್ತದೆ. ಹಳೆಯದು ಹಾಗೆಯೇ ಉಳಿಯುತ್ತದೆ. ಆದುದರಿಂದ ಯಾವ ನಿರ್ಧಾರ ಎಂದು ಆಯಿತು, ಅದನ್ನು ಯಾವುದು ಬದಲಿಸಿತು ಎಂಬುದನ್ನು ಯಾರಾದರೂ ಹಣ ತೆರದೆ ಓದಿ ತಿಳಿಯಬಹುದು. ಮೊಕಾಪೆಟ್ರಿಸ್ ಅವರು 1987ರಲ್ಲಿ ಪರಿಷ್ಕರಿಸಿ ಕೊಟ್ಟ ಎರಡು ಬರಹಗಳು ಇಂದಿಗೂ ಡೊಮೇನ್ ಹೆಸರುಗಳಿಗೆ ತಳಹದಿಯಾಗಿವೆ.

ಆದರೆ ಈ ವ್ಯವಸ್ಥೆಯಲ್ಲಿ ದೊಡ್ಡದೊಂದು ಕೊರತೆಯಿತ್ತು. ಹೆಸರಿನಲ್ಲಿ ಬಳಸಬಹುದಾಗಿದ್ದದ್ದು ಇಂಗ್ಲಿಷಿನ 26 ಅಕ್ಷರ, 10 ಅಂಕಿ ಹಾಗೂ ಒಂದು ಅಡ್ಡಗೆರೆ ಮಾತ್ರ. 1996ರಲ್ಲಿ ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವೆಂಬ ಅಂತರಜಾಲ ಪತ್ರಿಕೆಯನ್ನು ತಂದಾಗ ಒಳಗಿನ ಬರಹವೆಲ್ಲ ಕನ್ನಡವಾಗಿದ್ದರೂ ವಿಳಾಸವನ್ನು ರೋಮನ್ ಲಿಪಿಯಲ್ಲಿಯೇ ಬರೆಯಬೇಕಾಗಿತ್ತು. ಪರಲಿಪಿಯಲ್ಲಿ ಊರ ಹೆಸರು ತನ್ನ ರೂಪವನ್ನು ಕಳೆದುಕೊಳ್ಳುತ್ತದೆ. ಉಪ್ಪುಂದವನ್ನು ರೋಮನ್ ಲಿಪಿಯಲ್ಲಿ ಕಂಡ ಹೊರನಾಡಿನವನು ಕೊನೆಯ ಅಕ್ಷರ ‘ದ’ವೋ ‘ಡ’ವೋ ಎಂದು ಅರಿಯಲಾರನು. ಬೈಂದೂರನ್ನು ‘ಬಿ’ಯ ಮುಂದೆ ‘ವೈ’ ಇಟ್ಟು ಬರೆಯುವವರುಂಟು, ‘ಎ’ ಮತ್ತು ‘ಐ’ ಇಟ್ಟು ಬರೆಯುವವರೂ ಉಂಟು. ಊರು ಒಂದೇ, ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಹೆಸರುಗಳು.

ಈ ಕೊರತೆಯನ್ನು ನೀಗಿಸಲು ಹಲವು ಮೆಟ್ಟಿಲುಗಳನ್ನು ಏರಬೇಕಾಯಿತು. 1991ರಲ್ಲಿ ಪ್ರಕಟವಾದ ಯುನಿಕೋಡ್ ಎಂಬ ಮಾನಕವು ಕನ್ನಡದ ಅಕ್ಷರಗಳಿಗೂ ಗುರುತುಗಳಿಗೂ ತಲಾ ಒಂದು ಸಂಖ್ಯೆಯನ್ನು ಗೊತ್ತುಮಾಡಿತು. ಕನ್ನಡವನ್ನು ಉಚ್ಚಾರಣೆಗೆ ಅನುಗುಣವಾಗಿ ಬೆರಳಚ್ಚಿಸುವ ಕೀಲಿಮಣೆಯ ವಿನ್ಯಾಸವನ್ನು ಇದೇ ಕರಾವಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿಕೊಟ್ಟಿದ್ದರು. 2003ರಲ್ಲಿ ಅನ್ಯ ಲಿಪಿಯ ಹೆಸರನ್ನು ಹಳೆಯ ವ್ಯವಸ್ಥೆಗೆ ಹೊಂದುವಂತೆ ಮಾರ್ಪಡಿಸುವ ಮಾನಕವು ಹೊರಬಂದಿತು. 2010ರಲ್ಲಿ ಹೆಸರುಗಳ ನಿಯಮಗಳು ಪರಿಷ್ಕಾರಗೊಂಡವು. ಓದುವವನಿಗೆ ಕನ್ನಡದ ಹೆಸರು ಕಾಣುತ್ತದೆ. ಯಂತ್ರವು ಒಳಗೊಳಗೆ ಅದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತವಾಗಿ ಬದಲಿಸಿಕೊಳ್ಳುತ್ತದೆ.

ಕನ್ನಡದ ಕಣ್ಣಿಗೂ ಯಂತ್ರದ ಕಣ್ಣಿಗೂ ಇರುವ ಅಂತರವನ್ನು ಇಲ್ಲಿ ಅರಿಯಬೇಕು. ಉಪ್ಪುಂದ ಎಂಬಲ್ಲಿ ಮನುಷ್ಯನು ಕಾಣುವುದು ಮೂರು ಅಕ್ಷರ: ಉ, ಪ್ಪುಂ, ದ. ಗಣಕವು ಕಾಣುವುದು ಏಳು ಗುರುತು: ಉ, ಪ, ಹಲಂತದ ಚಿಹ್ನೆ, ಮತ್ತೊಂದು ಪ, ಕೊಂಬು, ಅನುಸ್ವಾರ, ದ. ಈ ಗುರುತುಗಳು ಹೇಗೆಂದರೆ ಹಾಗೆ ಸೇರಬಾರದು. ಕೊಂಬಿನ ಮೇಲೆ ಮತ್ತೊಂದು ಕೊಂಬು ಬಂದರೆ ಅದು ಅಕ್ಷರವೇ ಅಲ್ಲ. ‘ಸೂರ್ಯ’ ಎಂಬ ಪದವನ್ನು ಅರ್ಕಾವತ್ತಿನಿಂದ ಬರೆಯುವಂತೆ ರಕಾರಕ್ಕೆ ಯಕಾರದ ಒತ್ತು ಕೊಟ್ಟೂ ಬರೆಯಬಹುದು; ಆ ಎರಡನೆಯ ರೂಪಕ್ಕೆ ಗಣಕದಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಗುರುತೊಂದು ಬೇಕು. ಹೆಸರಿನೊಳಗೆ ಕಾಣದ ಗುರುತು ಸೇರಿದರೆ ವಂಚನೆಗೆ ಹಾದಿಯಾದೀತು.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಕನ್ನಡ ಮತ್ತು ತೆಲುಗು ಲಿಪಿಗಳ ಸಾಮ್ಯ. ಎರಡೂ ಒಂದೇ ತಾಯಿಬೇರಿನಿಂದ ಚಿಗುರಿದವು. ‘ಜಲ’ ಎಂಬ ಪದವನ್ನು ಎರಡು ಲಿಪಿಗಳಲ್ಲಿ ಬರೆದರೆ ಕಣ್ಣಿಗೆ ಹೆಚ್ಚು ಭೇದ ತಿಳಿಯದು. ಯಂತ್ರಕ್ಕೆ ಅವು ಬೇರೆ ಬೇರೆ. ಬ್ಯಾಂಕೊಂದರ ಹೆಸರನ್ನು ಕಳ್ಳನು ಹೀಗೆ ಇನ್ನೊಂದು ಲಿಪಿಯಲ್ಲಿ ನೋಂದಾಯಿಸಿದರೆ, ನಂಬಿ ಬಂದ ಬಡವನ ಗಳಿಕೆಯು ಕ್ಷಣದಲ್ಲಿ ಕೈಬಿಟ್ಟೀತು. ಇಂತಹ ಅಪಾಯವನ್ನು ಬಲ್ಲವರು ಆ ಲಿಪಿಗಳನ್ನು ಓದಿ ಬರೆಯುವವರೇ ಹೊರತು ದೂರದ ದೇಶದ ಯಂತ್ರಜ್ಞರಲ್ಲ.

ಆದುದರಿಂದ 1998ರಲ್ಲಿ ಸ್ಥಾಪಿತವಾಗಿ ಹೆಸರುಗಳ ಮೂಲಪಟ್ಟಿಯ ಹೊಣೆ ಹೊತ್ತಿರುವ ಐಕಾನ್ ಸಂಸ್ಥೆಯು, ಹೆಸರಿನ ಕೊನೆಯ ಭಾಗಕ್ಕೆ ಬೇಕಾದ ನಿಯಮಗಳನ್ನು ಆಯಾ ಲಿಪಿಯ ಜನರೇ ರೂಪಿಸಬೇಕೆಂದು ಗೊತ್ತುಮಾಡಿತು. ಬ್ರಾಹ್ಮಿಯಿಂದ ಹುಟ್ಟಿದ ಒಂಬತ್ತು ಲಿಪಿಗಳಿಗಾಗಿ ‘ನಿಯೋ ಬ್ರಾಹ್ಮಿ’ ಎಂಬ ತಜ್ಞರ ಮಂಡಲಿ ಏರ್ಪಟ್ಟಿತು. ಕನ್ನಡದ ಕರಡನ್ನು 2018ರಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಯಿತು. 2019ರಲ್ಲಿ ಅದು ಅಂತಿಮರೂಪ ಪಡೆದು, 16 ಲಿಪಿಗಳನ್ನೊಳಗೊಂಡ ನಿಯಮಾವಳಿಯಲ್ಲಿ ಸೇರಿತು. ಅದರಂತೆ ಒಂದು ಹೆಸರಿನಲ್ಲಿ ಎರಡು ಲಿಪಿಗಳು ಬೆರೆಯುವಂತಿಲ್ಲ. ಕಾಣದ ಜೋಡಣೆಯ ಗುರುತಿಗೆ ಎಡೆಯಿಲ್ಲ. ಕನ್ನಡದ ಹೆಸರು ಒಬ್ಬರಿಗೆ ಸಂದರೆ ಅದನ್ನೇ ಹೋಲುವ ತೆಲುಗು ಹೆಸರು ಮತ್ತೊಬ್ಬರಿಗೆ ಸಲ್ಲದು.

ಕನ್ನಡಕ್ಕೆ ಈ ಸ್ಥಾನ ಸುಲಭವಾಗಿ ಬರಲಿಲ್ಲ. ‘ಡಾಟ್ ಭಾರತ’ ಎಂಬ ಹೆಸರಿನ ಕೊನೆಗೆ ಮೊದಲು ಒಪ್ಪಿಗೆ ಪಡೆದ ಏಳು ಭಾರತೀಯ ರೂಪಗಳಲ್ಲಿ ಕನ್ನಡವಿರಲಿಲ್ಲ. 2014ರಲ್ಲಿ ದೇವನಾಗರಿಯ ಹೆಸರುಗಳು ಬಳಕೆಗೆ ಬಂದವು. ಕನ್ನಡದ ‘ಭಾರತ’ವು ಅನಂತರದ ಗುಂಪಿನಲ್ಲಿ ಸೇರಿತು. ಈಗ ಕನ್ನಡದಲ್ಲಿ ಹೆಸರನ್ನು ನೋಂದಾಯಿಸಬಹುದು. ಆದರೂ ಅಂತಹ ವಿಳಾಸವನ್ನು ಒಪ್ಪದ ಅರ್ಜಿ ನಮೂನೆಗಳೂ ಮಿಂಚಂಚೆಯ ಏರ್ಪಾಡುಗಳೂ ಇನ್ನೂ ಉಂಟು. ಮಾನಕವು ಕಾಗದದ ಮೇಲೆ ಪ್ರಕಟವಾದ ಮಾತ್ರಕ್ಕೆ ಅದರ ಕಾರ್ಯ ಮುಗಿಯುವುದಿಲ್ಲ. ಜನರು ಬಳಸಿದಾಗಲೇ ಅದಕ್ಕೆ ಜೀವ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯುಂಟು. ಮಾನಕಗಳ ರಚನೆಯೂ ಅಂತಹ ಕಾರ್ಯವೇ. ಒಬ್ಬನು ಅಕ್ಷರದ ರೂಪವನ್ನು ಬಲ್ಲನು, ಮತ್ತೊಬ್ಬನು ಯಂತ್ರದ ನಡೆಯನ್ನು ಬಲ್ಲನು, ಇನ್ನೊಬ್ಬನು ಜನರ ರೂಢಿಯನ್ನು ಬಲ್ಲನು. ಎಲ್ಲರೂ ತಮ್ಮ ಅರಿವನ್ನು ತೆರೆದ ಚರ್ಚೆಗೆ ತಂದಾಗ ಎಲ್ಲರಿಗೂ ಸಲ್ಲುವ ಕಟ್ಟಳೆ ರೂಪುಗೊಳ್ಳುತ್ತದೆ. ಅಭಿಪ್ರಾಯ ಕೇಳಿದಾಗ ಸುಮ್ಮನಿದ್ದ ಜನರ ಲಿಪಿಗೆ ಪರರು ಕಟ್ಟಳೆ ಬರೆಯುತ್ತಾರೆ. ಮುಂದೆ ಬಂದು ನುಡಿದವರ ಹೆಸರು ಅವರ ಅಕ್ಷರದಲ್ಲಿಯೇ ಉಳಿಯುತ್ತದೆ. ಕನ್ನಡವನ್ನು ಚೆನ್ನಾಗಿ ಕಲಿಯುವುದೂ ಯಂತ್ರದ ವಿದ್ಯೆಯನ್ನು ಚೆನ್ನಾಗಿ ಕಲಿಯುವುದೂ ಬೇರೆ ಬೇರೆ ದಾರಿಗಳೆಂದು ತಿಳಿಯಬೇಕಾಗಿಲ್ಲ. ಎರಡನ್ನೂ ಬಲ್ಲವರು ನಾಡಿಗೆ ಬೇಕಾಗಿದ್ದಾರೆ.