ಸಾರಾಂಶದ ಕಟ್ಟು: ಕಣ್ಣಿನ ಚಿಕಿತ್ಸೆಯ ಒಂದು ಪ್ರಯೋಗದಿಂದ ಸಂಗ್ರಹಲೇಖನಕ್ಕೆ ದೊರೆಯುವ ಪಾಠ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಕನ್ನಡಕ್ಕೆ ತೀರ ಹೊರಗಿನವಲ್ಲ. ಇಂದಿನ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಆ ಸೀಮೆಯ ನೇಕಾರ ದೇವಾಂಗರ ಹಲವು ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಕೊಯಮತ್ತೂರು ನಗರಕ್ಕೆ ಗಿರಣಿಗಳಿಂದ, ತಿರುಪ್ಪೂರಿಗೆ ಬನಿಯನ್ ಉದ್ಯಮದಿಂದ ಹೆಸರು ಬಂದಿದ್ದರೂ ಸುತ್ತಲಿನ ನಾಡು ತೆಂಗು ಮತ್ತು ಮುಸುಕಿನ ಜೋಳ ಬೆಳೆಯುವ ಬೇಸಾಯದ ನಾಡು. ಅಲ್ಲಿ ದುಡಿಯುವವರಿಗೆ ಒದಗುವ ಒಂದು ಅಪಾಯದಿಂದ ಈ ಪಾಠ ಆರಂಭವಾಗುತ್ತದೆ.

ತೆಂಗಿನ ಗರಿಯ ತುದಿಯೋ ಜೋಳದ ಎಲೆಯ ಅಂಚೋ ತಗುಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಗೀರಿದಾಗ ಆ ಗಾಯದೊಳಕ್ಕೆ ಶಿಲೀಂಧ್ರ ಸೇರಿ ಹುಣ್ಣಾಗಬಹುದು. ಹುಣ್ಣು ಮಾಯ್ದರೂ ಬಿಳಿಯ ಕಲೆ ಉಳಿದು ದೃಷ್ಟಿ ಮಸುಕಾಗುತ್ತದೆ. ಮಾಯದೆ ಆಳಕ್ಕಿಳಿದರೆ ಪಟಲವೇ ತೂತಾಗುತ್ತದೆ. ಇಂಥ ರೋಗಿ ಎದುರಿಗೆ ಕುಳಿತಿರುವಾಗ ವೈದ್ಯರ ಮುಂದೆ ಎರಡು ಹನಿ ಔಷಧಿಗಳಿವೆ ಎಂದುಕೊಳ್ಳೋಣ: ಬಹುಕಾಲದಿಂದ ಬಳಕೆಯಲ್ಲಿರುವ ನಾಟಮೈಸಿನ್ ಒಂದು, ಹೊಸದಾದ ವೊರಿಕೊನಜೋಲ್ ಇನ್ನೊಂದು. ಯಾವುದನ್ನು ಬರೆಯಬೇಕು? ಹೊರಗೆ ಸಾಲು ಬೆಳೆದಿದೆ. ಸಂಶೋಧನ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದುವಷ್ಟು ಹೊತ್ತು ವೈದ್ಯರಿಗಿಲ್ಲ. ಅವರು ಓದುವುದು ಸಾರಾಂಶವನ್ನು. ಆದುದರಿಂದ ಆ ಸಾರಾಂಶವನ್ನು ಹೇಗೆ ಕಟ್ಟಲಾಗಿದೆ ಎಂಬುದು ರೋಗಿಯ ಕಣ್ಣಿಗೆ ಸಂಬಂಧಿಸಿದ ಸಂಗತಿಯಾಗುತ್ತದೆ.

ಹರಿಯುವ ಸಾರಾಂಶದಿಂದ ಶೀರ್ಷಿಕೆಗಳ ಸಾರಾಂಶಕ್ಕೆ

ವೈದ್ಯಕೀಯ ಪತ್ರಿಕೆಗಳಲ್ಲಿ ಹಿಂದೆ ಸಾರಾಂಶವು ಒಂದೇ ಕಂಡಿಕೆಯಾಗಿ ಅಚ್ಚಾಗುತ್ತಿತ್ತು. ಲೇಖಕನಿಗೆ ಮುಖ್ಯವೆನಿಸಿದ್ದು ಅದರಲ್ಲಿ ಬರುತ್ತಿತ್ತು, ಉಳಿದದ್ದು ಬಿಟ್ಟುಹೋಗುತ್ತಿತ್ತು. ಬಿಟ್ಟುಹೋದದ್ದು ಯಾವುದೆಂಬುದು ಓದುಗನಿಗೆ ತಿಳಿಯುತ್ತಿರಲಿಲ್ಲ. ವಾಕ್ಯಗಳು ಒಂದಕ್ಕೊಂದು ಹೊಂದಿಕೊಂಡು ಹರಿಯುತ್ತಿದ್ದುದರಿಂದ ನಡುವಿನ ತೆರವು ಕಾಣುತ್ತಿರಲಿಲ್ಲ. 1987ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ವಿದ್ವಾಂಸರ ಒಂದು ಕಾರ್ಯತಂಡವು ಇದಕ್ಕೆ ಪರಿಹಾರವನ್ನು ಸೂಚಿಸಿತು. ಉದ್ದೇಶ, ಅಧ್ಯಯನದ ವಿನ್ಯಾಸ, ನಡೆದ ಸ್ಥಳ, ರೋಗಿಗಳು, ನೀಡಿದ ಚಿಕಿತ್ಸೆ, ಅಳತೆಗಳು ಮತ್ತು ಮುಖ್ಯ ಫಲಿತಾಂಶ, ತೀರ್ಮಾನ ಎಂಬ ಏಳು ಶೀರ್ಷಿಕೆಗಳ ಅಡಿಯಲ್ಲಿ ಸಾರಾಂಶವನ್ನು ಬರೆಯಬೇಕೆಂಬುದೇ ಆ ಸೂಚನೆ. 1990ರಲ್ಲಿ ಹೇನ್ಸ್ ಮತ್ತು ಸಂಗಡಿಗರು ಇದನ್ನು ಪರಿಷ್ಕರಿಸಿದರು. ಕ್ರಮೇಣ ಪ್ರಮುಖ ಪತ್ರಿಕೆಗಳು ಈ ಪದ್ಧತಿಯನ್ನು ಸ್ವೀಕರಿಸಿದವು. 2008ರಲ್ಲಿ ‘ಕನ್ಸಾರ್ಟ್’ ಮಾರ್ಗಸೂಚಿಯು ಚಿಕಿತ್ಸಾ ಪ್ರಯೋಗಗಳ ಸಾರಾಂಶದಲ್ಲಿ ಇರಲೇಬೇಕಾದ ಅಂಶಗಳ ಪಟ್ಟಿಯನ್ನು ನೀಡಿತು; ಚಿಕಿತ್ಸೆಯಿಂದಾದ ಹಾನಿ, ಅಧ್ಯಯನಕ್ಕೆ ಹಣ ಒದಗಿಸಿದವರು ಯಾರು ಎಂಬ ವಿವರಗಳೂ ಅದರಲ್ಲಿ ಸೇರಿವೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಈ ಕಟ್ಟು ಹೊಸದಾಗಿ ತೋರಬೇಕಾಗಿಲ್ಲ. ದಾನಶಾಸನವೊಂದನ್ನು ನೆನೆಯಬಹುದು. ಸ್ವಸ್ತಿವಚನ, ಅರಸನ ಬಿರುದುಗಳು, ಶಕವರ್ಷ ಮತ್ತು ತಿಥಿ, ದಾನಿ, ದಾನ ಪಡೆದವನು, ಭೂಮಿಯ ಎಲ್ಲೆಗಳು, ಸಾಕ್ಷಿಗಳು, ಶಾಪಾಶಯ ಎಂಬ ಅಂಗಗಳು ಸಾಮಾನ್ಯವಾಗಿ ಗೊತ್ತಾದ ಕ್ರಮದಲ್ಲಿ ಬರುತ್ತವೆ. ಕಲ್ಲಿನ ಒಂದು ಭಾಗ ಒಡೆದಿದ್ದರೂ ಅಲ್ಲಿ ಎಲ್ಲೆಗಳ ವಿವರ ಇದ್ದಿರಬೇಕೆಂದು ಶಾಸನತಜ್ಞನು ಊಹಿಸಬಲ್ಲನು. ಹಾಗೆಯೇ ಹಳೆಯ ಲೆಕ್ಕಪತ್ರಗಳಲ್ಲಿ ‘ಗೋಷವಾರೆ’ ಎಂಬ ಮಾತಿದೆ. ಫಾರಸಿ ಮೂಲದ ಈ ಪದವು ಮರಾಠಿಯಲ್ಲಿ ‘ಗೋಷವಾರಾ’ ಎಂದು ಇಂದಿಗೂ ಬಳಕೆಯಲ್ಲಿದೆ. ಸಾರಾಂಶವೆಂದರೆ ರಸವನ್ನು ಹಿಂಡಿ ತೆಗೆಯುವುದು. ಗೋಷವಾರೆ ಎಂದರೆ ಪ್ರತಿಯೊಂದು ಬಾಬಿಗೂ ಒಂದು ಕಲಮನ್ನಿಟ್ಟು ಒಟ್ಟನ್ನು ತೋರಿಸುವುದು. ಕಲಮು ಖಾಲಿಯಿದ್ದರೆ ಅದು ಕಣ್ಣಿಗೆ ಬೀಳುತ್ತದೆ. ವೈದ್ಯಕೀಯ ಸಾರಾಂಶವು 1987ರ ನಂತರ ಗೋಷವಾರೆಯ ಗುಣವನ್ನು ಪಡೆಯಿತೆಂದು ಹೇಳಬಹುದು.

ಪ್ರಶ್ನೆಯ ನಾಲ್ಕು ಅಂಗಗಳು

ಉತ್ತರ ಸಿಗಬೇಕಾದರೆ ಪ್ರಶ್ನೆಯೂ ಕಟ್ಟಿನಲ್ಲಿರಬೇಕು. ವೈದ್ಯರ ಪ್ರಶ್ನೆಗೆ ನಾಲ್ಕು ಅಂಗಗಳಿರಬೇಕೆಂದು 1995ರಲ್ಲಿ ‘ಎಸಿಪಿ ಜರ್ನಲ್ ಕ್ಲಬ್’ ಪತ್ರಿಕೆಯ ಲೇಖನವೊಂದು ವಿವರಿಸಿತು: ರೋಗಿ ಯಾರು, ಚಿಕಿತ್ಸೆ ಯಾವುದು, ಯಾವುದರೊಡನೆ ಹೋಲಿಕೆ, ಯಾವ ಫಲದ ನಿರೀಕ್ಷೆ. ‘ಕಣ್ಣಿನ ಹುಣ್ಣಿಗೆ ಯಾವ ಔಷಧಿ ಒಳ್ಳೆಯದು?’ ಎಂಬುದು ಸಡಿಲವಾದ ಪ್ರಶ್ನೆ. ‘ಶಿಲೀಂಧ್ರದಿಂದಾದ ಕಾರ್ನಿಯಾ ಹುಣ್ಣಿರುವವರಲ್ಲಿ ವೊರಿಕೊನಜೋಲ್ ಹನಿಗಳು, ನಾಟಮೈಸಿನ್ ಹನಿಗಳಿಗಿಂತ ಮೂರು ತಿಂಗಳ ನಂತರ ಹೆಚ್ಚಿನ ದೃಷ್ಟಿಯನ್ನು ಉಳಿಸುತ್ತವೆಯೇ?’ ಎಂಬುದು ಬಿಗಿಯಾದ ಪ್ರಶ್ನೆ. ಪ್ರಶ್ನೆಯ ಅಂಗಗಳೂ ಸಾರಾಂಶದ ಶೀರ್ಷಿಕೆಗಳೂ ಬೀಗಕ್ಕೆ ಕೀಲಿಯಂತೆ ಹೊಂದಿಕೊಳ್ಳುತ್ತವೆ.

ಒಂದು ನಿಜವಾದ ಸಾರಾಂಶ

ಈ ಪ್ರಶ್ನೆಗೆ ಉತ್ತರ ಹುಡುಕಿದ ಪ್ರಯೋಗವು ಅರವಿಂದ್ ಕಣ್ಣಿನ ಆಸ್ಪತ್ರೆಗಳ ಮಧುರೈ, ಪುದುಚೇರಿ ಮತ್ತು ಕೊಯಮತ್ತೂರು ಕೇಂದ್ರಗಳಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಕ್ಟರ್ ಪ್ರತಿಷ್ಠಾನದ ಸಹಯೋಗದಲ್ಲಿ ನಡೆಯಿತು. 2010ರಿಂದ 2011ರವರೆಗೆ ರೋಗಿಗಳನ್ನು ಸೇರಿಸಿಕೊಳ್ಳಲಾಯಿತು; 2013ರಲ್ಲಿ ‘ಜಾಮಾ ಆಫ್ತಾಲ್ಮಾಲಜಿ’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಅದರ ತಿರುಳನ್ನು ಕನ್ನಡದಲ್ಲಿ ಶೀರ್ಷಿಕೆಗಳ ಅಡಿ ಹೀಗೆ ಜೋಡಿಸಬಹುದು.

ಉದ್ದೇಶ: ತಂತುರೂಪದ ಶಿಲೀಂಧ್ರದಿಂದಾದ ಕಾರ್ನಿಯಾ ಹುಣ್ಣಿಗೆ ನಾಟಮೈಸಿನ್ ಮತ್ತು ವೊರಿಕೊನಜೋಲ್ ಹನಿಗಳನ್ನು ಹೋಲಿಸುವುದು.

ವಿನ್ಯಾಸ: ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ರೋಗಿಗಳನ್ನು ಎರಡು ಗುಂಪು ಮಾಡಿ, ಯಾರಿಗೆ ಯಾವ ಔಷಧಿ ಎಂಬುದನ್ನು ಮರೆಮಾಡಿದ ಬಹುಕೇಂದ್ರ ಪ್ರಯೋಗ.

ರೋಗಿಗಳು: ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಿ ಶಿಲೀಂಧ್ರ ಕಂಡುಬಂದವರು, ದೃಷ್ಟಿ 20/40ರಿಂದ 20/400ರ ಒಳಗಿದ್ದವರು. 940 ಮಂದಿಯನ್ನು ಪರಿಶೀಲಿಸಿ 323 ಮಂದಿಯನ್ನು ಸೇರಿಸಿಕೊಳ್ಳಲಾಯಿತು. ಯೋಜಿಸಿದ್ದು 368, ಸುರಕ್ಷತೆಯ ಮೇಲ್ವಿಚಾರಣಾ ಸಮಿತಿಯು ಸೇರ್ಪಡೆಯನ್ನು ನಡುವೆಯೇ ನಿಲ್ಲಿಸಿತು.

ಚಿಕಿತ್ಸೆ: ಶೇಕಡಾ 5ರ ನಾಟಮೈಸಿನ್ ಅಥವಾ ಶೇಕಡಾ 1ರ ವೊರಿಕೊನಜೋಲ್. ಹುಣ್ಣಿನ ಮೇಲ್ಪದರ ಕೂಡುವವರೆಗೆ ಎಚ್ಚರವಿರುವಾಗ ಗಂಟೆಗೊಮ್ಮೆ, ಬಳಿಕ ಕನಿಷ್ಠ 3 ವಾರ ದಿನಕ್ಕೆ 4 ಬಾರಿ.

ಮುಖ್ಯ ಅಳತೆ: 3 ತಿಂಗಳ ನಂತರ ಕನ್ನಡಕ ಹಾಕಿದಾಗಿನ ಅತ್ಯುತ್ತಮ ದೃಷ್ಟಿ.

ಫಲಿತಾಂಶ: ನಾಟಮೈಸಿನ್ ಪಡೆದವರ ದೃಷ್ಟಿ ಲಾಗ್‌ಮಾರ್ ಅಳತೆಯಲ್ಲಿ 0.18ರಷ್ಟು ಮೇಲು, ಅಕ್ಷರಫಲಕದಲ್ಲಿ ಇದು ಸುಮಾರು ಎರಡು ಸಾಲಿಗೆ ಸಮ. ಪಟಲ ತೂತಾಗುವ ಅಥವಾ ಪಟಲ ಬದಲಿಸುವ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವವೂ ಅವರಲ್ಲಿ ಕಡಿಮೆ; ಸಂಭವಾನುಪಾತ 0.42. ಫ್ಯುಸೇರಿಯಂ ಎಂಬ ಶಿಲೀಂಧ್ರವಿದ್ದ 128 ಮಂದಿಯಲ್ಲಿ ದೃಷ್ಟಿಯ ಅಂತರ 0.41, ಉಳಿದವರಲ್ಲಿ ಎರಡು ಔಷಧಿಗಳೂ ಹೆಚ್ಚುಕಡಿಮೆ ಸಮಾನ.

ತೀರ್ಮಾನ: ನಾಟಮೈಸಿನ್ ಮೇಲು, ಈ ಮೇಲ್ಮೆಯ ಬಹುಪಾಲು ಫ್ಯುಸೇರಿಯಂ ಹುಣ್ಣುಗಳಲ್ಲಿ ಕಂಡದ್ದು. ಇಂಥ ಹುಣ್ಣಿಗೆ ವೊರಿಕೊನಜೋಲ್ ಒಂದನ್ನೇ ಬಳಸಬಾರದು.

ಪದಗಳ ತೂಕ

ಹೊಸದು ಹಳೆಯದಕ್ಕಿಂತ ಮೇಲಾಗಿರುತ್ತದೆಂಬ ಸಹಜ ನಿರೀಕ್ಷೆಗೆ ಇಲ್ಲಿ ವಿರುದ್ಧವಾದ ಉತ್ತರ ದೊರೆತಿದೆ. ಆದರೆ ಭಾಷೆಯ ವಿದ್ಯಾರ್ಥಿಯು ಗಮನಿಸಬೇಕಾದದ್ದು ಬೇರೆ. ತೀರ್ಮಾನದ ಕೊನೆಯ ವಾಕ್ಯದಲ್ಲಿ ‘ಒಂದನ್ನೇ’ ಎಂಬ ಪದವಿದೆ. ಸಂಕ್ಷೇಪಿಸುವ ಆತುರದಲ್ಲಿ ಅದನ್ನು ಬಿಟ್ಟು ‘ವೊರಿಕೊನಜೋಲ್ ಬಳಸಬಾರದು’ ಎಂದು ಬರೆದರೆ ವಾಕ್ಯ ಚಿಕ್ಕದಾಗುತ್ತದೆ, ಅರ್ಥ ಕೆಡುತ್ತದೆ. ಎರಡು ಔಷಧಿಗಳನ್ನು ಜೊತೆಯಾಗಿ ಕೊಡುವ ವಿಚಾರವನ್ನು ಈ ಪ್ರಯೋಗ ಪರೀಕ್ಷಿಸಿಯೇ ಇಲ್ಲ. ಒಂದು ಅವಧಾರಣೆಯ ‘ಏ’ಕಾರವು ಇಲ್ಲಿ ಚಿಕಿತ್ಸೆಯ ಎಲ್ಲೆಯನ್ನು ಗುರುತಿಸುತ್ತಿದೆ. ಅಂತೆಯೇ ‘ರೋಗಿಗಳು’ ಎಂಬ ಶೀರ್ಷಿಕೆಯನ್ನು ಕೈಬಿಟ್ಟರೆ, ದೃಷ್ಟಿ 20/400ಕ್ಕಿಂತ ಕೆಳಗಿಳಿದವರು ಈ ಪ್ರಯೋಗದಲ್ಲಿ ಇರಲಿಲ್ಲವೆಂಬುದು ಮರೆಯಾಗುತ್ತದೆ. ತೀರ ಕೆಟ್ಟ ಹುಣ್ಣಿನ ರೋಗಿಯ ಮುಂದೆ ಕುಳಿತ ವೈದ್ಯರಿಗೆ ಆ ಮಾಹಿತಿಯೇ ಮೊದಲು ಬೇಕಾದದ್ದು.

ಕಾವ್ಯದಲ್ಲಿ ಗುಣವಾದದ್ದು ಸಾರಾಂಶದಲ್ಲಿ ದೋಷವಾಗುವುದೂ ಉಂಟು. ಕಣ್ಣಿಗೆ ನಯನ, ನೇತ್ರ, ಅಕ್ಷಿ ಎಂದು ಪರ್ಯಾಯಪದಗಳನ್ನು ಬಳಸುವುದು ಕವಿಗೆ ಅಲಂಕಾರ. ಸಾರಾಂಶಕಾರನು ಒಮ್ಮೆ ‘ಹುಣ್ಣು’, ಇನ್ನೊಮ್ಮೆ ‘ವ್ರಣ’, ಮತ್ತೊಮ್ಮೆ ‘ಸೋಂಕು’ ಎಂದರೆ ಮೂರು ಬೇರೆ ಸಂಗತಿಗಳೆಂಬ ಭ್ರಮೆ ಹುಟ್ಟುತ್ತದೆ. ಗಣಕದಲ್ಲಿ ಹುಡುಕುವವನಿಗೂ ಅದು ತಡೆಯಾಗುತ್ತದೆ. ಈ ಕಾರಣದಿಂದಲೇ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಿಂದಲೂ ವಿಷಯಪದಗಳ ನಿಯತ ಕೋಶವೊಂದನ್ನು ಇಟ್ಟುಕೊಂಡಿದೆ. ಪತ್ರಿಕೆಗಳು ಬಳಸುವ ನಾನಾ ಶೀರ್ಷಿಕೆಗಳನ್ನೂ ಅದು ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ಐದು ವರ್ಗಗಳಿಗೆ ಹೊಂದಿಸಿಕೊಂಡಿದೆ.

‘ವ್ಯತ್ಯಾಸ ಕಾಣಲಿಲ್ಲ’ ಎನ್ನುವ ಪ್ರಾಮಾಣಿಕತೆ

ಕೊಯಮತ್ತೂರು ಕೇಂದ್ರವು ಭಾಗವಹಿಸಿದ್ದ ಇನ್ನೊಂದು ಪ್ರಯೋಗವನ್ನೂ ಇದರೊಡನೆ ಇಟ್ಟು ನೋಡಬೇಕು. ಬ್ಯಾಕ್ಟೀರಿಯಾದಿಂದಾದ ಕಾರ್ನಿಯಾ ಹುಣ್ಣಿನ 500 ರೋಗಿಗಳಿಗೆ ಆಂಟಿಬಯಾಟಿಕ್ ಹನಿಗಳ ಜೊತೆಗೆ ಸ್ಟೀರಾಯ್ಡ್ ಹನಿ ಅಥವಾ ಔಷಧಿಯಿಲ್ಲದ ಹುಸಿಹನಿ ನೀಡಿ ಹೋಲಿಸಿದ ಅಧ್ಯಯನವದು, 2012ರಲ್ಲಿ ಪ್ರಕಟವಾಯಿತು. 3 ತಿಂಗಳ ನಂತರ ಎರಡು ಗುಂಪುಗಳ ದೃಷ್ಟಿಯಲ್ಲಿ ಒಟ್ಟಾರೆ ವ್ಯತ್ಯಾಸ ಕಂಡುಬರಲಿಲ್ಲವೆಂದು ಅದರ ಸಾರಾಂಶವು ನೇರವಾಗಿ ಹೇಳಿತು. ಆರಂಭದಲ್ಲೇ ದೃಷ್ಟಿ ತೀರ ಕುಂದಿದ್ದವರಿಗೆ ಸ್ಟೀರಾಯ್ಡಿನಿಂದ ಸ್ವಲ್ಪ ಲಾಭವಾದಂತೆ ಕಂಡರೂ ಅದನ್ನು ಒಂದು ಉಪಗುಂಪಿನ ಫಲವೆಂದೇ ಇರಿಸಿತು. ಮುಖ್ಯ ಫಲದ ಸ್ಥಾನಕ್ಕೆ ಏರಿಸಲಿಲ್ಲ.

ಇದು ಸಣ್ಣ ಸಂಯಮವಲ್ಲ. 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ಮುಖ್ಯ ಫಲದಲ್ಲಿ ಗಣನೀಯ ವ್ಯತ್ಯಾಸ ಕಾಣದ 72 ಪ್ರಯೋಗಗಳ ವರದಿಗಳನ್ನು ಪರಿಶೀಲಿಸಿತು. ಅವುಗಳ ಸಾರಾಂಶದ ತೀರ್ಮಾನಭಾಗದಲ್ಲಿ ಶೇಕಡಾ 58ರಷ್ಟು ಕಡೆ ಚಿಕಿತ್ಸೆಗೆ ಅನುಕೂಲವಾಗುವಂತೆ ಮಾತನ್ನು ತಿರುಗಿಸಿದ್ದು ಕಂಡುಬಂದಿತು. ಶೀರ್ಷಿಕೆ ಇದ್ದಮಾತ್ರಕ್ಕೆ ಅದರ ಕೆಳಗಿನ ಮಾತು ಸತ್ಯವಾಗುವುದಿಲ್ಲ. 1999ರಲ್ಲಿ ಆರು ಪ್ರಮುಖ ಪತ್ರಿಕೆಗಳ ಸಾರಾಂಶಗಳನ್ನು ಮೂಲ ಲೇಖನಗಳೊಡನೆ ತಾಳೆನೋಡಿದಾಗ, ಮೂಲಕ್ಕೆ ಹೊಂದದ ಅಥವಾ ಮೂಲದಲ್ಲೇ ಇಲ್ಲದ ಅಂಕಿಗಳಿರುವ ಸಾರಾಂಶಗಳ ಪ್ರಮಾಣ ಪತ್ರಿಕೆಯಿಂದ ಪತ್ರಿಕೆಗೆ ಶೇಕಡಾ 18ರಿಂದ 68ರವರೆಗೆ ಇತ್ತು. ಕಟ್ಟು ಬಿಟ್ಟುಹೋದದ್ದನ್ನು ತೋರಿಸುತ್ತದೆ. ತಪ್ಪಾದದ್ದನ್ನು ತೋರಿಸಲು ಮೂಲದೊಡನೆ ತಾಳೆ ಬೇಕೇ ಬೇಕು. ಗ್ರಂಥಸಂಪಾದನೆಯ ಪಾಠದಲ್ಲಿ ಪ್ರತಿಗಳನ್ನು ಒಂದರೊಡನೊಂದು ಇಟ್ಟು ಓದುವ ಶಿಸ್ತನ್ನು ಕಲಿತ ವಿದ್ಯಾರ್ಥಿಗೆ ಈ ಮಾತಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಸಂಗ್ರಹಲೇಖನಕ್ಕೆ ಅನ್ವಯ

ಸಂಗ್ರಹಲೇಖನವೆಂದರೆ ಮೂಲವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುವ ಪರೀಕ್ಷೆಯ ಪ್ರಶ್ನೆಯೆಂದಷ್ಟೇ ವಿದ್ಯಾರ್ಥಿಗಳು ತಿಳಿಯುವುದುಂಟು. ಮೇಲಿನ ಉದಾಹರಣೆಯು ಬೇರೊಂದು ಕ್ರಮವನ್ನು ಸೂಚಿಸುತ್ತದೆ. ಬರೆಯುವ ಮೊದಲು ಓದುಗ ಯಾರು, ಅವನು ಯಾವ ಪ್ರಶ್ನೆಯೊಡನೆ ಬರುತ್ತಾನೆ ಎಂದು ನಿರ್ಧರಿಸಬೇಕು. ಆ ಪ್ರಶ್ನೆಯ ಅಂಗಗಳನ್ನೇ ಶೀರ್ಷಿಕೆಗಳನ್ನಾಗಿ ಇಟ್ಟುಕೊಳ್ಳಬೇಕು. ಒಂದು ವಸ್ತುವಿಗೆ ಒಂದೇ ಪದವನ್ನು ಬಳಸಬೇಕು. ಮಿತಿಯನ್ನು ಸೂಚಿಸುವ ‘ಮಾತ್ರ’, ‘ಹೆಚ್ಚಾಗಿ’, ‘ಒಂದನ್ನೇ’ ಮುಂತಾದ ಮಾತುಗಳನ್ನು ಕೊನೆಯವರೆಗೂ ಕಾಯಬೇಕು. ಶೀರ್ಷಿಕೆಗಳು ಕರಡಿನಲ್ಲಿ ಉಳಿದು ಅಂತಿಮ ಪ್ರತಿಯಲ್ಲಿ ಅಳಿಸಿಹೋದರೂ ಚಿಂತೆಯಿಲ್ಲ. ಅವು ಕೆಲಸ ಮಾಡಿರುತ್ತವೆ.

ಅಭ್ಯಾಸ

1. ಮೇಲೆ ಕೊಟ್ಟ ಪ್ರಯೋಗದ ವಿವರಗಳನ್ನು ಶೀರ್ಷಿಕೆಗಳಿಲ್ಲದೆ ಎಂಬತ್ತು ಪದಗಳ ಒಂದು ಕಂಡಿಕೆಯಾಗಿ ಬರೆಯಿರಿ. ಬರೆದ ನಂತರ ಯಾವ ಅಂಗ ಬಿಟ್ಟುಹೋಗಿದೆಯೆಂದು ಸಹಪಾಠಿಯೊಬ್ಬರಿಂದ ಗುರುತಿಸಿಸಿ.

2. ಪಠ್ಯದಲ್ಲಿರುವ ದಾನಶಾಸನವೊಂದನ್ನು ಆರಿಸಿಕೊಂಡು ಅದರ ಅಂಗಗಳನ್ನು ಶೀರ್ಷಿಕೆಗಳ ಅಡಿ ಗೋಷವಾರೆಯಾಗಿ ಜೋಡಿಸಿರಿ. ಖಾಲಿ ಉಳಿದ ಕಲಮುಗಳ ಬಗೆಗೆ ಎರಡು ವಾಕ್ಯ ಬರೆಯಿರಿ.

3. ‘ಪ್ರಯೋಜನವಿಲ್ಲ’ ಮತ್ತು ‘ವ್ಯತ್ಯಾಸ ಕಂಡುಬರಲಿಲ್ಲ’ ಎಂಬ ಎರಡು ಮಾತುಗಳ ಅರ್ಥಭೇದವನ್ನು, ಬ್ಯಾಕ್ಟೀರಿಯಾ ಹುಣ್ಣಿನ ಪ್ರಯೋಗವನ್ನು ಆಧರಿಸಿ ವಿವೇಚಿಸಿರಿ.